32 ಬೋರಿಗೆ ಯಾವ ಕಾಡತೂಸು ಹಾಕಬೇಕು, ಯಾಕ

ನಮ್ಮ ಕಾಕಾಂದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ, ಮನಿ ಹುಬ್ಬಳ್ಳಿ ಒಳಗ. ಹಂಗಾಮ ಬಂತಂದ್ರ ರಾತ್ರಿ ಹತ್ತು ಹನ್ನೊಂದಕ್ಕ ಹೈವೇ ಹಿಡದು ಒಬ್ಬರ ಬರ್ತಾರ, ಅದಕ್ಕ ಭಾಳ ವರ್ಷದ ಹಿಂದನ ಲೈಸೆನ್ಸ್ ಮಾಡಿಸಿ ಕಾನ್ಪುರದ 32 ಬೋರ್ ರಿವಾಲ್ವರ್ ಒಂದು ತಗೊಂಡಾರ. ಬೋರ್ ಅಂದ್ರ ನಳಿಗಿ ಒಳಗಿನ ಅಗಲ, 32 ಅಂದ್ರ ಇಂಚಿನ ನೂರರಾಗ 32 ಪಾಲು. ಇಷ್ಟು ವರ್ಷದಾಗ ಅದನ್ನ ಯಾರ ಮ್ಯಾಲೂ ಎತ್ತೋ ಪ್ರಸಂಗ ಬಂದಿಲ್ಲ, ದೇವರ ದಯಾ. ಅದು ಹೊರಗ ಬರೋದು ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಜಮಾ ಮಾಡಾಕ, ಮತ್ತ ಎಲೆಕ್ಷನ್ ಮುಗದ ಮ್ಯಾಲೆ ವಾಪಸ್ ತರಾಕ, ಇಷ್ಟ.

2024ರ ಲೋಕಸಭಾ ಎಲೆಕ್ಷನ್ ಆದ ಮ್ಯಾಲೆ ಹಂಗ ವಾಪಸ್ ತಂದಿದ್ರು, ಅವತ್ತು ಮನ್ಯಾಗ ನನ್ನ ತಮ್ಮನೂ ಇದ್ದ, ಯೂಟ್ಯೂಬಿನಾಗ ಅಮೆರಿಕಾದವರ ಗನ್ ವಿಡಿಯೋ ನೋಡಿ ನೋಡಿ ತಲಿ ತುಂಬಿಸ್ಕೊಂಡಾನ, "ಕಾಕಾ ನೀವು ಹಾಲೋ ಪಾಯಿಂಟ್ ಯಾಕ ಹಾಕಂಗಿಲ್ಲ, ಸೆಲ್ಫ್ ಡಿಫೆನ್ಸಿಗೆ ಎಲ್ಲಾರೂ ಅದನ್ನ ಹಾಕ್ತಾರ" ಅಂದ. ಅಂಂವ ಹೇಳಿದ್ದು ಬಡದ ಕೂಡಲೇ ಮೂತಿ ಅರಳೋ ನಮೂನಿ ಬುಲೆಟ್ಟಿನ ಮಾತು. ಕಾಕಾ ನನ್ನ ಕಡೆ ನೋಡಿದ್ರು, ಯಾಕಂದ್ರ ಮನ್ಯಾಗ ರೇಂಜಿಗೆ ಹೋಗಿ ಗುಂಡು ಹೊಡದು ಬಂದಾಂವ ನಾನೊಬ್ಬನ. ಅವತ್ತು ಚಹಾ ಎರಡು ಸಲ ಆತು, ಆದರೂ ಮಾತು ಮುಗೀಲಿಲ್ಲ, ಅದನ್ನ ಇಲ್ಲಿ ಬರದು ಹಾಕಾತೀನಿ.

ಮೊದಲ ಒಂದು ಮಾತು. ನಾವು ಬಾಯಾಗ ಎಲ್ಲಾದಕ್ಕೂ ಬುಲೆಟ್ಟು ಅಂತೀವಿ, ಆದ್ರ ಅಂಗಡ್ಯಾಗ ಡಬ್ಬಿ ತೆಗದು ಕೊಡೋದು ಕಾಡತೂಸು. ಹಿತ್ತಾಳಿ ಕೇಸು, ಅದರ ತಳದಾಗ ಪ್ರೈಮರ್ ಅನ್ನೋ ಸಣ್ಣ ಬಟ್ಟಲು, ಒಳಗ ಚಿಟಿಕೆ ಮದ್ದು, ತುದಿಗೆ ಸೀಸದ ಬುಲೆಟ್ಟು. ಸುತ್ತಿಗಿ ಪ್ರೈಮರಿಗೆ ಬಡದ್ರ ಕಿಡಿ, ಕಿಡಿಗೆ ಮದ್ದು, ಮದ್ದಿನ ಗ್ಯಾಸಿಗೆ ಬುಲೆಟ್ಟು ಮುಂದ. ಈ ನಾಕರಾಗ ಯಾವುದೊಂದು ಕೈಕೊಟ್ರೂ ನಿಮ್ಮ ಕೈಯಾಗಿನ ಲಕ್ಷ ರೂಪಾಯಿ ಸಾಮಾನು ಬರೇ ಕಬ್ಬಿಣ, ಇದನ್ನ ನೆನಪಿಟ್ಕೋರಿ, ಆಮ್ಯಾಲೆ ಕೆಲಸಕ್ಕ ಬರ್ತತಿ.

ಇನ್ನ 32 ಅಂದ ಕೂಡಲೇ ಎಲ್ಲಾ ಒಂದ ಅಂತ ತಿಳ್ಕೋಬ್ಯಾಡ್ರಿ, ಇಲ್ಲೇ ಮೊದಲನೇ ಗೊಂದಲ ಶುರು ಆಗ್ತತಿ. ತಿರುಗೋ ಸಿಲಿಂಡರ್ ಇರೋ ರಿವಾಲ್ವರಿಗೆ ಹಾಕೋ 32 ಬ್ಯಾರೆ, ಹಿಡಿಕಿಯೊಳಗ ಮ್ಯಾಗಜಿನ್ ಅನ್ನೋ ಕಾಡತೂಸಿನ ಪೆಟ್ಟಿಗಿ ಇರೋ ಪಿಸ್ತೂಲಿಗೆ ಹಾಕೋ 32 ಬ್ಯಾರೆ. ರಿವಾಲ್ವರಿಂದು ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಅಂತ, 1896ರದ್ದು, ತಳದಾಗ ಅಂಚು ಹೊರಗ ಬಂದಿರ್ತತಿ, ಆ ಅಂಚಿನ ಮ್ಯಾಲೆನ ಅದು ಸಿಲಿಂಡರಿನಾಗ ಕುಂದ್ರತತಿ. ಪಿಸ್ತೂಲಿಂದು ಎಸಿಪಿ, ಅಂದ್ರ ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್, ಜಾನ್ ಬ್ರೌನಿಂಗ್ 1899ರ ಸುಮಾರಿಗೆ ತನ್ನ ಪಿಸ್ತೂಲಿಗಂತ ಮಾಡಿದ್ದು, ಇದಕ್ಕ 7.65 ಎಂಎಂ ಅಂತನೂ ಅಂತಾರ, ಉದ್ದ ಕಮ್ಮಿ, ಮ್ಯಾಲೆ ತಾಮ್ರದ ಅಂಗಿ. ಎರಡರ ಬುಲೆಟ್ಟಿನ ದಪ್ಪಾನೂ ಹತ್ರ ಹತ್ರ 8 ಎಂಎಂ. ಆದ್ರ ಒಂದರ ಬದಲಿ ಇನ್ನೊಂದು ಹಾಕೋ ಸಾಹಸ ಮಾಡಬ್ಯಾಡ್ರಿ, ಲೈಸೆನ್ಸಿನಾಗ ಏನು ಬರದೈತಿ, ಬ್ಯಾರಲ್ ಮ್ಯಾಲೆ ಏನು ಕೆತ್ತೈತಿ, ಡಬ್ಬಿ ಮ್ಯಾಲೆ ಏನೈತಿ, ಮೂರೂ ಒಂದ ಇರಬೇಕು.

ತೂಕದ ಲೆಕ್ಕ ಡಬ್ಬಿ ಮ್ಯಾಲೆ ಗ್ರೇನ್‌ನಾಗ ಇರ್ತತಿ. ಗ್ರೇನ್ ಅಂದ್ರ ಗಾಬರಿ ಆಗಬ್ಯಾಡ್ರಿ, ನಮ್ಮ ಅಜ್ಜಿಗೋಳು ಬಂಗಾರ ತೂಗಿಸ್ತಿದ್ದ ಹಳೇ ತೊಲಿ ಅಂದ್ರ ಸರಿಯಾಗಿ 180 ಗ್ರೇನ್. ರಿವಾಲ್ವರಿನ ಸೀಸದ ಬುಲೆಟ್ಟು 98 ಗ್ರೇನ್, ಅಂದ್ರ ಅರ್ಧ ತೊಲಿಗಿಂತ ಚೂರು ಜಾಸ್ತಿ, ಆರೂಕಾಲು ಗ್ರಾಂ ಹತ್ರ. ಪಿಸ್ತೂಲಿಂದು 71 ಗ್ರೇನ್, ನಾಕೂವರಿ ಗ್ರಾಂ. ರಿವಾಲ್ವರಿಂದು ಸೆಕೆಂಡಿಗೆ 215 ಮೀಟರ್ ಆಸುಪಾಸು ಹೋಗ್ತತಿ, ಪಿಸ್ತೂಲಿಂದು ಹಗರ ಇರೋದಕ್ಕ 275ರ ಹತ್ರ.

ಈಗ ಲೆಕ್ಕ ಹಾಕ್ರಿ. ರಿವಾಲ್ವರ್ ಬುಲೆಟ್ಟಿನ ಶಕ್ತಿ ಸುಮಾರು 150 ಜೂಲ್. ಫಾಸ್ಟ್ ಬೌಲರ್ ತಾಸಿಗೆ 145 ಕಿಲೋಮೀಟರ್ ವೇಗದಾಗ ಒಗದ ಲೆದರ್ ಬಾಲಿನ ಶಕ್ತಿ 130 ಜೂಲ್. ಹೌದ್ರಿ, ಅಷ್ಟ! ನನ್ನ ತಮ್ಮ ಇದನ್ನ ನಂಬಲಿಲ್ಲ, ಮೊಬೈಲ್ ತೆಗದು ತಾನ ಗುಣಾಕಾರ ಮಾಡಿ ನೋಡಿದ ಮ್ಯಾಲೆ ಸುಮ್ಮನಾದ. ಗುಂಡು ಬಡದ ಕೂಡಲೇ ಮನಷ್ಯಾ ನಾಕು ಫೂಟ್ ಹಿಂದ ಹಾರಿ ಕಾಜಿನ ಕಿಡಕಿ ಒಡಕೊಂಡು ಬೀಳೋದು ಎಲ್ಲಾ ಸಿನಿಮಾದವರ ಹಗ್ಗದ ಆಟ. ಬಾಲ್ ಬಡದ್ರ ಬ್ಯಾಟ್ಸ್‌ಮನ್ ಹಾರಿ ಹೋಗಂಗಿಲ್ಲಲಾ, ಇದೂ ಹಂಗ. ಫರಕ್ ಏನಂದ್ರ ಬಾಲಿನ ಶಕ್ತಿ ಅಂಗೈ ಅಗಲದ ಮ್ಯಾಲೆ ಹರಡತತಿ, ಬುಲೆಟ್ಟಿಂದು ಬಟಾಣಿ ಕಾಳಿನಷ್ಟು ಜಾಗದಾಗ, ಅದಕ್ಕ ಅದು ದೂಡಂಗಿಲ್ಲ, ತೂತು ಕೊರೀತತಿ.

ಅಂದ ಮ್ಯಾಲೆ ಸೆಲ್ಫ್ ಡಿಫೆನ್ಸಿಗೆ ಕಾಡತೂಸು ಆರಿಸೋದು ಅಂದ್ರ ಖರೇ ಹೇಳಬೇಕಂದ್ರ ತೂತಿನ ಮಾತು: ಎಷ್ಟು ಆಳ, ಎಷ್ಟು ಅಗಲ. ಇದರ ಮ್ಯಾಲೆ ಜಗತ್ತಿನಾಗ ತಲಿ ಕೆಡಿಸ್ಕೊಂಡು ಕುಂತಿದ್ದು ಅಮೆರಿಕಾದ ಕೇಂದ್ರ ತನಿಖಾ ದಳ ಎಫ್‌ಬಿಐ. 1986ರ ಏಪ್ರಿಲ್‌ನಾಗ ಮಿಯಾಮಿ ಒಳಗ ಇಬ್ಬರು ದರೋಡೆಕೋರರ ಜೋಡಿ ಗುಂಡಿನ ಕಾಳಗ ಆತು, ಅದರಾಗ ಎಫ್‌ಬಿಐನ ಇಬ್ಬರು ಸತ್ರು. ಒಬ್ಬ ಕಳ್ಳಗ ಶುರುವಿಗೇ ಒಂದು ಗುಂಡು ತೋಳಿನಿಂದ ಹೊಕ್ಕು ಎದಿ ಒಳಗ ಹೋಗಿ ಗುಂಡಿಗಿ ಮುಟ್ಟೂಕಿಂತ ಸ್ವಲ್ಪ ಮೊದಲ ನಿಂತಿತ್ತು, ಅಂವ ಅದಾದ ಮ್ಯಾಲೂ ಹೊಡೀತನ ಇದ್ದ. ಆ ಬುಲೆಟ್ಟು ಹಾಲೋ ಪಾಯಿಂಟ್ ಇತ್ತು. ಆಮ್ಯಾಲೆ ಅವರು ಒಂದು ಪರೀಕ್ಷಾ ಪದ್ಧತಿ ಮಾಡಿದ್ರು: ಜೆಲಾಟಿನ್ ಅಂತ ಜೆಲ್ಲಿಯಂಥಾ ಗಟ್ಟಿ ಇರ್ತತಿ, ಮಾಂಸದ ಬದಲಿ ಅಂತ ಇಟ್ಕೋರಿ, ಅದಕ್ಕ ಹೊಡದು ಬುಲೆಟ್ಟು ಎಷ್ಟು ಆಳ ಹೋತು ಅಂತ ಅಳೀತಾರ. ಕಮ್ಮಿ ಅಂದ್ರ 12 ಇಂಚು, ಜಾಸ್ತಿ ಅಂದ್ರ 18. ಹನ್ನೆರಡಕ್ಕಿಂತ ಕಮ್ಮಿ ಆದ್ರ ಕೆಲಸ ಆಗಂಗಿಲ್ಲ, ಹದಿನೆಂಟು ದಾಟಿದ್ರ ಆಚಿ ಕಡೆ ಹೊರಬಿದ್ದು ಹಿಂದ ನಿಂತಾವರಿಗೆ ಗಂಡಾಂತರ.

ಹಾಲೋ ಪಾಯಿಂಟ್ ಅಂದ್ರ ಬುಲೆಟ್ಟಿನ ಮೂತಿಗೆ ಕುಣಿ ಇರ್ತತಿ. ಹಸೀದಕ್ಕ ಬಡದಾಗ ಆ ಕುಣಿಯೊಳಗ ಒತ್ತಡ ತುಂಬಿ ಮೂತಿ ಹೂವಿನಂಗ ಅರಳತತಿ, 9 ಎಂಎಂ ಬುಲೆಟ್ಟು ಅರಳಿ 14, 15 ಎಂಎಂ ಆಗ್ತತಿ. ಅರಳಿದ್ದಕ್ಕ ತೂತು ಅಗಲ, ಅರಳಿದ್ದಕ್ಕನ ಬ್ರೇಕ್ ಬಿದ್ದು ದೇಹದಾಗ ನಿಂತು ಬಿಡತತಿ, ಆಚಿ ಹೋಗಂಗಿಲ್ಲ. ಅಮೆರಿಕಾದ ಪೊಲೀಸರು ಅದನ್ನ ಬಳಸೋದು ಕ್ರೂರ ಇರ್ಲಿ ಅಂತಲ್ಲ, ಗುಂಡು ಕಳ್ಳನ ದಾಟಿ ಹಿಂದಿನ ಮನಷ್ಯಾಗ ಬಡೀಬಾರದು ಅಂತ. ಅರಳೋ ಬುಲೆಟ್ಟಿನ ಕಥಿಯೊಳಗ ನಮ್ಮ ದೇಶದ ಹೆಸರೂ ಬರ್ತತಿ, ಕಲ್ಕತ್ತಾ ಹತ್ರ ದಮ್ ದಮ್ ಅಂತ ಊರು, ಈಗ ಏರ್‌ಪೋರ್ಟ್ ಇರೋದು ಅಲ್ಲೇ, ಅಲ್ಲಿ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನಿ ಇತ್ತು, 1890ರ ದಶಕದಾಗ ಮೂತಿ ಮೆತ್ತಗಿನ ರೈಫಲ್ ಬುಲೆಟ್ಟು ಮಾಡಿದ್ರು, ಅದಕ್ಕ ಇವತ್ತಿಗೂ ದಮ್ ದಮ್ ಬುಲೆಟ್ ಅಂತನ ಹೆಸರು. 1899ರ ಹೇಗ್ ಸಮ್ಮೇಳನದಾಗ ಯುದ್ಧದೊಳಗ ಅರಳೋ ಬುಲೆಟ್ಟು ಬ್ಯಾಡ ಅಂತ ಘೋಷಣೆ ಆತು. ಆ ಮಾತು ದೇಶ ದೇಶದ ಯುದ್ಧಕ್ಕ, ಪೊಲೀಸರಿಗೆ ಅಲ್ಲ.

ಈಗ ನನ್ನ ತಮ್ಮನ ಪ್ರಶ್ನೆಗೆ ಬರೂಣು. ಅರಳಾಕ ವೇಗ ಬೇಕು. 9 ಎಂಎಂ ಪಿಸ್ತೂಲಿನ ಬುಲೆಟ್ಟು ಸೆಕೆಂಡಿಗೆ 350 ಮೀಟರ್ ಓಡತತಿ, ಶಕ್ತಿ 450 ಜೂಲ್ ಹತ್ರ, ಅಂದ್ರ ಕಾಕಾನ ರಿವಾಲ್ವರಿನ ಮೂರು ಪಟ್ಟು. ಅದಕ್ಕ ಅರಳಿಯೂ ಆಳ ಹೋಗೋ ತಾಕತ್ತು ಐತಿ. 32ಕ್ಕ ಎರಡೂ ಸಾಲಂಗಿಲ್ಲ. ಒಂದೋ ಹಾಲೋ ಪಾಯಿಂಟ್ ಅರಳೂದ ಇಲ್ಲ, ಅಂಗಿ ಬಟ್ಟಿ ಕುಣಿಯೊಳಗ ಹೊಕ್ಕು ಬೂಚು ಹಾಕಿದಂಗ ಆಗಿ ಸಾದಾ ಬುಲೆಟ್ಟಿನಂಗ ಹೋಗ್ತತಿ, ಇಲ್ಲಾ ಅರಳತತಿ ಆದ್ರ ಏಳೆಂಟು ಇಂಚಿಗೆ ಉಸರು ಬಿಟ್ಟು ನಿಂದರ್ತತಿ. ಅಮೆರಿಕಾದಾಗ ಎಲ್ಲಾ ನಮೂನಿ ಸಿಗ್ತಾವ, ಆದ್ರೂ 32 ಇಟ್ಕೊಂಡ ಭಾಳ ಮಂದಿ ಸಾದಾ ದುಂಡು ಮೂತಿದನ್ನ ಹಾಕ್ತಾರ, ಅಗಲ ಹೋಗ್ಲಿ ಆಳ ಆದ್ರೂ ಸಿಗ್ಲಿ ಅಂತ. ಪಿಸ್ತೂಲಿನಾಗಂತೂ ಇನ್ನೊಂದು ಕಿರಿಕಿರಿ ಐತಿ. ಎಸಿಪಿ ಕಾಡತೂಸಿಗೆ ತಳದಾಗ ಚೂರ ಅಂಚು ಇರ್ತತಿ, ಮ್ಯಾಗಜಿನ್‌ನಾಗ ಮ್ಯಾಲಿನದರ ಅಂಚು ಕೆಳಗಿನದರ ಅಂಚಿನ ಮುಂದ ಕುಂದ್ರಬೇಕು, ಹಿಂದ ಸಿಕ್ಕೊಂಡ್ರ ಮ್ಯಾಲಿನದು ಮುಂದ ಸರಿಯೂದ ಇಲ್ಲ, ಪಿಸ್ತೂಲ್ ಅಲ್ಲೇ ಗಪ್. ಹಾಲೋ ಪಾಯಿಂಟ್ ಕಾಡತೂಸಿನ ಉದ್ದ ಕಮ್ಮಿ, ಮ್ಯಾಗಜಿನ್‌ನಾಗ ಹಿಂದ ಮುಂದ ಸರದಾಡಾಕ ಜಾಗ ಸಿಗ್ತತಿ, ಹಂಗಾಗಿ ಈ ಸಿಕ್ಕು ಜಾಸ್ತಿ. ಮ್ಯಾಗಜಿನ್ ತುಂಬೂ ಮುಂದ ಒಂದೊಂದಾಗಿ ಹೆಬ್ಬಟ್ಟಿಲೆ ಒತ್ತಿ, ಅಂಚು ನೋಡಿ ಕುಂದ್ರಸ್ರಿ, ಗಡಿಬಿಡಿ ಮಾಡಬ್ಯಾಡ್ರಿ.

"ಹಂಗಾರ 9 ಎಂಎಂ ತಗೊಳೂಣು" ಅಂದ ತಮ್ಮ. ಅದು ನಮ್ಮ ಕೈಯಾಗ ಇಲ್ಲಪ್ಪ. ಮಿಲಿಟರಿ, ಪೊಲೀಸ್ ಬಳಸೋ ಬೋರ್ ಭಾಳಷ್ಟು ಪ್ರೊಹಿಬಿಟೆಡ್, ಅಂದ್ರ ಸಾದಾ ಮಂದಿಗೆ ನಿಷೇಧ, 9 ಎಂಎಂ ಅದರಾಗ ಬರ್ತತಿ, 303 ರೈಫಲ್ ಅದರಾಗ ಬರ್ತತಿ, ಅದಕ್ಕ ಡೆಲ್ಲಿಯಿಂದ ಲೈಸೆನ್ಸ್ ಆಗಬೇಕು, ಮೆಣಸಿನಕಾಯಿ ವ್ಯಾಪಾರಿಗೆ ಅದು ಆಗೋ ಮಾತಲ್ಲ. ಸಾದಾ ಮಂದಿಗೆ 32 ಬಿಟ್ಟಿರೋದು ಇದಕ್ಕನ, ಸರಕಾರಿ ಮದ್ದುಗುಂಡು ಕದ್ರೂ ಖಾಸಗಿ ಗನ್ನಿಗೆ ಕೂಡಬಾರದು. ಜನರ ಕೈಯಾಗಿನ ಹತ್ಯಾರದ ಬಗ್ಗೆ ಸರಕಾರಕ್ಕ ಇರೋ ಅಂಜಿಕಿ ಇವತ್ತಿಂದಲ್ಲ, 1857ರಾಗ ಹತ್ಯಾರ ಒಪ್ಪಿಸ್ರಿ ಅಂದಿದ್ದಕ್ಕ ಮುಧೋಳ ಕಡೆ ಹಲಗಲಿ ಬೇಡರು ಬ್ರಿಟಿಷರ ಮ್ಯಾಲೆ ತಿರುಗಿ ಬಿದ್ದಿದ್ದು ನಮ್ಮ ಕಡೆ ಹುಡುಗ್ರಿಗೂ ಗೊತ್ತು. ಈಗಿನ ಕಾಯ್ದೆ 1959ರದ್ದು, ನಿಯಮ 2016ರವು, 2019ರ ತಿದ್ದುಪಡಿ ಬಂದ ಮ್ಯಾಲೆ ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಗನ್ ಇಲ್ಲ, ಲೈಸೆನ್ಸ್ ಮೂರು ವರ್ಷದ ಬದಲಿ ಐದು ವರ್ಷ ನಡೀತತಿ. ಕಾಡತೂಸು ಒಮ್ಮೆಲೆ ಎಷ್ಟು ಇಟ್ಕೋಬಹುದು, ವರ್ಷಕ್ಕ ಎಷ್ಟು ಕೊಳ್ಳಬಹುದು ಅನ್ನೋದು ಲೈಸೆನ್ಸಿನಾಗನ ಬರದಿರ್ತತಿ, ಅಂಗಡಿಯಾಂವ ಪ್ರತಿ ಸಲ ಎಂಟ್ರಿ ಹಾಕ್ತಾನ. ಒಂದು ಜಾಸ್ತಿ ಇದ್ರೂ ತಪ್ಪ. ಖಾಲಿ ಕೇಸು ಒಗೀಬ್ಯಾಡ್ರಿ, ಕೆಲವು ಕಡೆ ಅದರ ಲೆಕ್ಕನೂ ಕೇಳ್ತಾರ.

ಹಂಗಾಗಿ ಅಂಗಡಿ ಕೌಂಟರ್ ಮುಂದ ನಿಂತಾಗ ನಿಮ್ಮ ಆಯ್ಕೆ ಅನ್ನೋದು ಭಾಳ ಸಣ್ಣದು. ರಿವಾಲ್ವರಿಗೆ ಸಾಮಾನ್ಯವಾಗಿ ಪುಣೆ ಖಡಕಿ ಕಾರ್ಖಾನಿದು, ಅದು 1869ರಿಂದ ನಡದೈತಿ, ಈಗ ಮ್ಯೂನಿಷನ್ಸ್ ಇಂಡಿಯಾ ಅನ್ನೋ ಕಂಪನಿ ಕೆಳಗ. ಆದ್ರ ಸಣ್ಣ ಆಯ್ಕೆ ಅಂದ್ರ ಏನೂ ನೋಡಬ್ಯಾಡ್ರಿ ಅಂತಲ್ಲ, ನೋಡಬೇಕಾದ್ದು ಬುಲೆಟ್ಟಿನ ಮೂತಿ ಅಲ್ಲ, ಕಾಡತೂಸಿನ ವಯಸ್ಸು.

ಅವತ್ತು ಮಾತು ಆದ ಮ್ಯಾಲೆ ಕಾಕಾ ತಿಜೋರಿಯಿಂದ ಒಂದು ಹಳೇ ಬಿಸ್ಕೀಟ್ ಡಬ್ಬಿ ತಂದ್ರು. ಅದರಾಗ ಚರ್ಮದ ಬೆಲ್ಟು, ಬೆಲ್ಟಿನ ಒಂದೊಂದು ಕುಣಿಕಿಗೆ ಒಂದೊಂದು ಕಾಡತೂಸು, ಹನ್ನೆರಡು. ಒಂದನ್ನ ಎಳದೆ, ಹಿಡದಿದ್ದಂಗ ಇತ್ತು, ತಿರುವಿ ಎಳದ ಮ್ಯಾಲೆ ಬಂತು. ಚರ್ಮ ಮುಟ್ಟಿದ ಜಾಗದಾಗ ಹಿತ್ತಾಳಿ ಹಸಿರು ತಿರುಗಿತ್ತು, ಉಗರಿಲೆ ಕೆರದ್ರ ಮೇಣದಂಗ ಬರ್ತಿತ್ತು. ಚರ್ಮ ಹದ ಮಾಡಾಕ ಹಾಕಿದ ಆಮ್ಲ ಹಿತ್ತಾಳಿ ತಿಂತತಿ, ಇದು ಹಳೇ ಶಿಕಾರಿ ಮಂದಿಗೆ ಗೊತ್ತಿತ್ತು, ನಮ್ಮ ಕಾಕಾಗ ಗೊತ್ತಿರಲಿಲ್ಲ. ಮ್ಯಾಲೆ ಅವರು ಗನ್ನಿಗೆ ಎಣ್ಣಿ ಹಾಕುಮುಂದ ಕಾಡತೂಸಿಗೂ ಎಣ್ಣಿ ಸವರಿ ಒರಸಿ ಇಟ್ಟಿದ್ರು, ಪಾಪ ಕಾಳಜಿಯಿಂದ. ಎಣ್ಣಿ ಪ್ರೈಮರಿನ ಸಂದಿಯೊಳಗ ಇಳದ್ರ ಅದನ್ನ ಸಾಯಿಸಬಹುದು. ಯಾವಾಗ ಕೊಂಡಿದ್ದು ಅಂತ ಕೇಳಿದ್ರ ಲೈಸೆನ್ಸ್ ಪುಟ ತಿರುವಿ ತಿರುವಿ ನೋಡಿದ್ರು, ಹದಿಮೂರು ವರ್ಷ ಆಗಿತ್ತು. ಕೊಂಡಾಗನ ಅಂಗಡಿಯಾಂವ ಹಳೇ ಸ್ಟಾಕ್ ಸಾಗಹಾಕಿದ್ನೋ ಏನೋ, ಡಬ್ಬಿ ಇಲ್ದನ ಪೊಟ್ಟಣದಾಗ ಕಟ್ಟಿ ಕೊಟ್ಟಿದ್ನಂತ.

ಮುಂದಿನ ತಿಂಗಳು ಅವನ್ನ ಎಲ್ಲಾ ತಗೊಂಡು ರೇಂಜಿಗೆ ಹೋದ್ವಿ, ಹಸಿರು ಭಾಳ ತಿಂದಿದ್ದ ಎರಡನ್ನ ರೇಂಜಿನವರು ಹೊಡೀಬ್ಯಾಡ್ರಿ ಅಂತ ಬಾಜೂಕ ಇಡಸಿದ್ರು. ಉಳದಿದ್ದು ಹತ್ತು. ಕಾಕಾ ಹೊಡೀಲಿಕ್ಕೆ ಹತ್ತಿದ್ರು. ಮೊದಲನೇದು ಠಪ್ ಅಂತ ಹೋತು. ಎರಡನೇದು ಟಿಕ್. ಅಷ್ಟ, ಟಿಕ್. ಕಾಕಾ ಗನ್ ತಿರುಗಿಸಿ ಮೂತಿ ನೋಡಾಕ ಹೋದ್ರು, ರೇಂಜ್ ಆಫೀಸರ್ ಚೀರಿದ ದನಿಗೆ ನನ್ನ ಕೈಕಾಲು ತಣ್ಣಗಾದ್ವು. ಟಿಕ್ ಅಂದ ಮ್ಯಾಲೆ ಮದ್ದು ತಡಾ ಮಾಡಿ ಹತ್ತೋದು ಇರ್ತತಿ, ಅದಕ್ಕ ಮೂತಿ ಗುರಿ ಕಡೆನ ಇಟ್ಟು ಕಮ್ಮಿ ಅಂದ್ರ ಅರ್ಧ ನಿಮಿಷ ಅಲ್ಲಾಡಬಾರದು, ಇದು ರೇಂಜಿನ ಮೊದಲ ಪಾಠ. ಹತ್ತರಾಗ ಮೂರು ಹತ್ತಲೇ ಇಲ್ಲ. ಹತ್ತಿದ್ದರಾಗ ಒಂದರ ಸಪ್ಪಳನ ಬ್ಯಾರೆ ಇತ್ತು, ಪುಸ್ ಅಂತ, ಆಫೀಸರ್ ಕೂಡಲೇ ನಿಲ್ಲಿಸಿ ಗನ್ ಖಾಲಿ ಮಾಡಿಸಿ ಬ್ಯಾರಲಿನಾಗ ಕಡ್ಡಿ ಹಾಕಿ ಬೆಳಕು ಹಿಡದು ನೋಡಿದ್ರು. ಮದ್ದು ಸತ್ತಿದ್ರ ಬುಲೆಟ್ಟು ಬ್ಯಾರಲಿನಾಗ ಸಿಕ್ಕೊಂಡು ಕುಂತಿರ್ತತಿ, ಅದರ ಹಿಂದ ಇನ್ನೊಂದು ಹೊಡದ್ರ ಬ್ಯಾರಲ್ ಒಡದು ಕೈ ಹೋಗ್ತತಿ.

ಅದ ದಿನ ಹೊಸ ಡಬ್ಬಿಯ ಆರು ಹೊಡದು ನೋಡಿದ್ವಿ, ಆರಕ್ಕ ಆರು ಹತ್ತಿದ್ವು. ಆದ್ರ ಏಳು ಮೀಟರ್ ದೂರದ ಹಾಳಿ ಮ್ಯಾಲೆ ಕಾಕಾನ ಎರಡು ಗುಂಡು ಬಿದ್ದಿದ್ವು, ನಾಕು ಎಲ್ಲಿ ಹೋದ್ವು ಅಂತ ಹಿಂದಿನ ಮಣ್ಣಿನ ದಿಬ್ಬಕ್ಕನ ಗೊತ್ತು. ಕಾಡತೂಸು ಯಾವುದು ಅನ್ನೋ ವಾದಕ್ಕಿಂತ ಆ ನಾಕು ಗುಂಡಿನ ಲೆಕ್ಕ ದೊಡ್ಡದು ನೋಡ್ರಿ. ಮನ್ಯಾಗ ಆ ದಿಬ್ಬ ಇರಂಗಿಲ್ಲ. ಹಳೇ ಹುಬ್ಬಳ್ಳಿ ಕಡೆ ವಾಡೇದ ಮಣ್ಣಿನ ಗ್ವಾಡಿ ಎರಡು ಮೊಳ ದಪ್ಪ ಇರ್ತಾವ, ಅವು 32 ಅಲ್ಲ ಇನ್ನೇನ ಬಂದ್ರೂ ನುಂಗತಾವ. ಈಗಿನ ಲೇಔಟ್ ಮನಿಗೋಳ ಪ್ಲೈವುಡ್ ಬಾಗಲಾ, ಶೀಟಿನ ಶೆಡ್ಡು, ಕಿಡಕಿ ಕಾಜು, ಅವನ್ನ ಸಾದಾ ಬುಲೆಟ್ಟು ಆರಾಮ ದಾಟತತಿ, ಆಚಿ ಕಡೆ ಮಲಗಿದ್ದು ಯಾರ ಮಗಳೋ. ಕಡಪಾ ಕಲ್ಲಿನ ನೆಲಕ್ಕ ಓರಿ ಬಡದ್ರ ಪುಟದು ಎತ್ಲಾಗ ಹೋಗ್ತತಿ ಹೇಳಾಕ ಬರಂಗಿಲ್ಲ. ಮುಚ್ಚಿದ ಕ್ವಾಣ್ಯಾಗ ಒಂದು ಸಲ ಹೊಡದ್ರ ಕಿವಿ ತಾಸುಗಟ್ಟಲೆ ಗುಂಯ್ ಅಂತಾವ, ಒಮ್ಮೊಮ್ಮೆ ಕಾಯಂ ಹಾನಿ ಆಗ್ತತಿ, ಇದನ್ನ ಯಾವ ಸಿನಿಮಾನೂ ತೋರಸಂಗಿಲ್ಲ.

ರಿವಾಲ್ವರಿಗೆ ಒಂದು ಅನುಕೂಲ ಐತಿ, ಟಿಕ್ ಅಂದ್ರ ಜೀವದ ಪ್ರಸಂಗದಾಗ ಮತ್ತೊಮ್ಮೆ ಟ್ರಿಗರ್ ಒತ್ತಿದ್ರ ಸಿಲಿಂಡರ್ ತಿರುಗಿ ಮುಂದಿನ ಕಾಡತೂಸು ಬರ್ತತಿ. ಪಿಸ್ತೂಲಿನಾಗ ಸ್ಲೈಡ್ ಎಳದು ಸತ್ತಿದ್ದನ್ನ ಹೊರಗ ಹಾಕಬೇಕು, ನಡಗೋ ಕೈಯಾಗ ಅದು ಸುಲಭ ಅಲ್ಲ. ಪಿಸ್ತೂಲಿನವರಿಗೆ ಇನ್ನೊಂದು ಮಾತು, ದಿನಾ ಲೋಡ್ ಮಾಡೋದು, ತೆಗಿಯೋದು, ಮತ್ತ ಅದ ಕಾಡತೂಸನ್ನ ಮ್ಯಾಲೆ ಇಟ್ಟು ಲೋಡ್ ಮಾಡೋದು ಮಾಡಬ್ಯಾಡ್ರಿ, ಬಡದು ಬಡದು ಬುಲೆಟ್ಟು ಕೇಸಿನೊಳಗ ಹಿಂದ ಸರೀತತಿ, ಹಂಗ ಸರದ್ರ ಒಳಗಿನ ಒತ್ತಡ ವಿಪರೀತ ಏರತತಿ. ಹೊಸದರ ಬಾಜೂಕ ಇಟ್ಟು ಉದ್ದ ನೋಡಿದ್ರ ಕಣ್ಣಿಗೆ ಕಾಣ್ತತಿ, ಕುಗ್ಗಿದ್ರ ಬಾಜೂಕ ಇಡ್ರಿ. ರೇಂಜಿನಿಂದ ಬಂದು ಕೈ ಸಾಬೂನಿಲೆ ತೊಳೀಲಾರದ ಮಿರ್ಚಿ ಭಜಿಗೆ ಕೈ ಹಾಕಬ್ಯಾಡ್ರಿ, ಸೀಸ ಹೊಟ್ಟಿಗೆ ಹೋಗ್ತತಿ.

ಕಾನೂನಿಂದು ಸ್ವಲ್ಪ. ಆತ್ಮರಕ್ಷಣೆ ಹಕ್ಕು ಮೊದಲ ಐಪಿಸಿ 96ರಿಂದ 106ರ ತನಕ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಅದರಾಗ 37ನೇದು ಓದಿ ಇಟ್ಕೋರಿ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡೋ ಹಕ್ಕು ಯಾರಿಗೂ ಇಲ್ಲ ಅಂತ ಐತಿ. ಕಳ್ಳ ಬೆನ್ನು ತಿರುಗಿಸಿ ಓಡಾಕ ಹತ್ತಿದ ಮ್ಯಾಲೆ ಹೊಡದ್ರ ಕೋರ್ಟಿನಾಗ ನೀವ ಆರೋಪಿ ಆಗಬಹುದು, ಆವಾಗ ಯಾವ ಕಾಡತೂಸು ಹಾಕಿದ್ರಿ ಅನ್ನೋದು ಬರಂಗಿಲ್ಲ, ಯಾಕ ಒತ್ತಿದ್ರಿ ಅನ್ನೋದು ಬರ್ತತಿ. ಮದುವಿ ಮೆರವಣಿಗ್ಯಾಗ ಮ್ಯಾಲೆ ಹಾರಿಸೋ ಶೋಕಿ ಇದ್ದವರಿಗೆ 2019ರ ತಿದ್ದುಪಡಿ ಎರಡು ವರ್ಷದ ತನಕ ಜೈಲು, ಇಲ್ಲಾ ಲಕ್ಷದ ತನಕ ದಂಡ, ಇಲ್ಲಾ ಎರಡೂ ಇಟ್ಟೈತಿ. ಮ್ಯಾಲೆ ಹೋದ ಅರ್ಧ ತೊಲಿ ಸೀಸ ಕೆಳಗ ಬರ್ಲೇಬೇಕಲಾ.

ಕಾಕಾ ಈಗ ಬೆಲ್ಟು ಒಗದಾರ. ಹೊಸ ಕಾಡತೂಸು ಅದರ ಡಬ್ಬಿಯೊಳಗನ ಅದಾವ, ಡಬ್ಬಿ ಮ್ಯಾಲೆ ಕೊಂಡ ತಿಂಗಳು ವರ್ಷ ಸ್ಕೆಚ್ ಪೆನ್ನಿಲೆ ಬರಸೀನಿ, ಜೋಡಿ ಸಿಲಿಕಾ ಜೆಲ್ ಪುಡಿಕಿ ಎರಡು, ಕಾಕಿ ಹೊಸಾ ಚಪ್ಪಲಿ ಡಬ್ಬಿಯಿಂದ ತೆಗದಿಟ್ಟಿದ್ದು. ರಿವಾಲ್ವರ್ ಒಂದು ಕಪಾಟಿನಾಗ, ಡಬ್ಬಿ ಇನ್ನೊಂದರಾಗ, ಎರಡಕ್ಕೂ ಕೀಲಿ. ವರ್ಷಕ್ಕೊಮ್ಮೆ ಹಳೇವು ರೇಂಜಿನಾಗ ಖಾಲಿ, ಹೊಸಾವು ಎಂಟ್ರಿ ಹಾಕಿಸಿ ಒಳಗ. ಹೋದ ಸಲ ಹೋದಾಗ ಹಾಳಿ ಮ್ಯಾಲೆ ಆರರಾಗ ಐದು ಬಿದ್ದಿದ್ವು, ಆ ಹಾಳಿ ಮಡಚಿ ತಿಜೋರಿಯೊಳಗ ಲೈಸೆನ್ಸ್ ಜೋಡಿ ಇಟ್ಟಾರ, ಬಂದವರಿಗೆಲ್ಲಾ ತೋರಸ್ತಾರ. ತಮ್ಮ ಇನ್ನೂ 9 ಎಂಎಂ ವಿಡಿಯೋ ನೋಡ್ತಾನ ಅದಾನ.